ಗಬ್ಬದ ಆಕಳು, ಬಸುರಿ ಹೆಣ್ಣುಮಗಳು ಮತ್ತು ಕಣ್ಣಿಗೆ ಕಾಣದ ಜೀವಿಗಳು

ಹಮ್ಮಿಗಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ



ಗಬ್ಬದ ರಾಸುಗಳ ಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ತಾವು ನನ್ನನ್ನು ಕರೆದಿದ್ದೀರಿ. ಆದರೆ ಇಲ್ಲಿ ಬಂದು ನೋಡಿದರೆ ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅದು ಸಹಜವೇ. ಆಕಳ ಮೈ ತೊಳೆಯುವುದು, ಸಗಣಿ ಬಳಿಯುವುದು, ಹಾಲು ಹಿಂಡುವುದು, ಕರು ಹಾಕುವಾಗ ರಾತ್ರಿಯೆಲ್ಲ ಕಾಯುವುದು, ಇವೆಲ್ಲ ಬಹುತೇಕ ಮನೆಗಳಲ್ಲಿ ಅವರ ಕೆಲಸ. ಆದುದರಿಂದ ಇಂದು ನಾನು ಆಕಳ ವಿಷಯವನ್ನೂ ಅದನ್ನು ಸಾಕುವ ತಾಯಿಯ ವಿಷಯವನ್ನೂ ಕೂಡಿಸಿಯೇ ಹೇಳುತ್ತೇನೆ. ನಾನು ದನದ ಡಾಕ್ಟರು, ಹೆಂಗಸರ ಡಾಕ್ಟರಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಹೇಳುವುದು ಓದಿ ತಿಳಿದದ್ದು. ಚಿಕಿತ್ಸೆಯ ಮಾತಿಗೆ ತಮ್ಮ ಆಸ್ಪತ್ರೆಯ ವೈದ್ಯರೇ ಇದ್ದಾರೆ.

ತಮಗೆಲ್ಲ ನೀಲಿ ಬಣ್ಣದ ಪರೀಕ್ಷೆ ಗೊತ್ತು. ಹಾಲಿನ ಸ್ಯಾಂಪಲ್ಲಿಗೆ ಮಿಥಿಲೀನ್ ಬ್ಲೂ ಹಾಕಿ ಬೆಚ್ಚಗಿನ ನೀರಿನಲ್ಲಿ ಇಡುತ್ತಾರೆ. ನೀಲಿ ಬೇಗ ಮಾಯವಾದರೆ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬಹಳ ಇವೆ ಎಂದು ಅರ್ಥ; ತಾಸುಗಟ್ಟಲೆ ನಿಂತರೆ ಹಾಲು ಸ್ವಚ್ಛ. ಈ ಪರೀಕ್ಷೆಯಿಂದಾಗಿ ಸೂಕ್ಷ್ಮಜೀವಿ ಎಂದರೆ ವೈರಿ ಎಂದೇ ಅನೇಕರು ತಿಳಿದಿದ್ದಾರೆ. ಅದೇ ಹಾಲನ್ನು ಕಾಸಿ, ಆರಿಸಿ, ರಾತ್ರಿ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡುವವರೂ ಅವರೇ! ಹೆಪ್ಪೂ ಸೂಕ್ಷ್ಮಜೀವಿಯೇ. ಅದು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತದೆ, ಆ ಹುಳಿಯಲ್ಲಿ ಬೇರೆ ಕೆಟ್ಟ ಜೀವಿಗಳಿಗೆ ಬೆಳೆಯಲು ಆಗುವುದಿಲ್ಲ. ಹಾಲು ಒಂದೇ ದಿನಕ್ಕೆ ಕೆಡುತ್ತದೆ, ಮೊಸರು ಅದಕ್ಕಿಂತ ಹೆಚ್ಚು ತಾಳುತ್ತದೆ. ಈ ಹೆಪ್ಪಿನ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮನುಷ್ಯನ ಮೈಯೊಳಗೆ ಸುಮಾರು 38 ಲಕ್ಷ ಕೋಟಿ ಸೂಕ್ಷ್ಮಜೀವಿಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ದೇಹದ ಸ್ವಂತ ಜೀವಕೋಶಗಳಿಗಿಂತ ಅವು ತುಸು ಹೆಚ್ಚೇ. ಇವುಗಳಲ್ಲಿ ಹೆಚ್ಚಿನವು ಕರುಳಿನಲ್ಲಿ. ಉಳಿದವು ಬಾಯಿ, ಚರ್ಮ, ಜನನ ಮಾರ್ಗಗಳಲ್ಲಿ. ಒಂದೊಂದು ಜಾಗಕ್ಕೆ ಒಂದೊಂದು ಬಳಗ. ಹೊಲಕ್ಕೆ ತಕ್ಕ ಬೆಳೆ ಇದ್ದಂತೆ. ಎರಿ ಹೊಲದಲ್ಲಿ ಬರುವುದು ಮಸಾರಿಯಲ್ಲಿ ಬರುವುದಿಲ್ಲ. ಇನ್ನು ಗರ್ಭ ನಿಂತ ಕೂಡಲೇ ಆ ಹೊಲದ ಮಣ್ಣೇ ಬದಲಾಗುತ್ತದೆ. ರಕ್ತದಲ್ಲಿನ ಹಾರ್ಮೋನು, ಸಕ್ಕರೆ, ಕರುಳಿನ ಚಲನೆ ಎಲ್ಲವೂ ಬೇರೆಯಾಗುತ್ತವೆ. ಹಾಗಾದರೆ ಬೆಳೆಯೂ ಬದಲಾಗಬೇಕಲ್ಲವೇ?

ಜನನ ಮಾರ್ಗದಲ್ಲಿ ಆಗುವ ಬದಲಾವಣೆ ಸ್ಪಷ್ಟವಾಗಿದೆ. 1892ರಲ್ಲಿ ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ ಎಂಬ ವೈದ್ಯರು ಅಲ್ಲಿ ಹುಳಿ ಮಾಡುವ ಕಡ್ಡಿಯಾಕಾರದ ಜೀವಿಗಳಿವೆ ಎಂದು ತೋರಿಸಿದರು. ಅವು ಲ್ಯಾಕ್ಟೋಬ್ಯಾಸಿಲಸ್ ಎಂಬ ಕುಲದವು, ಅಂದರೆ ನಮ್ಮ ಮೊಸರಿನ ಜೀವಿಗಳ ದಾಯಾದಿಗಳು. ಬಸುರಿಯಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರುತ್ತದೆ. ಅದರಿಂದ ಜನನ ಮಾರ್ಗದ ಒಳಪದರದಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದಂಥ ವಸ್ತು ಶೇಖರವಾಗುತ್ತದೆ. ಅದೇ ಈ ಜೀವಿಗಳ ಮೇವು. ಮೇವು ಸಿಕ್ಕಮೇಲೆ ಅವು ಹೆಚ್ಚುತ್ತವೆ, ಹುಳಿ ಹೆಚ್ಚುತ್ತದೆ, ಇತರ ತರಹದ ಜೀವಿಗಳು ಹಿಂದೆ ಸರಿಯುತ್ತವೆ. ಮಗು ಇರುವ ಮನೆಯ ಬಾಗಿಲಿಗೆ ದೇಹವೇ ಹೆಪ್ಪು ಹಾಕಿ ಕಾವಲು ನಿಲ್ಲಿಸಿದಂತೆ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ದಾಯಾದಿಗಳು ಎಂದೆನೇ ಹೊರತು ಒಂದೇ ಮನೆಯವರು ಎನ್ನಲಿಲ್ಲ. ಮೊಸರು ಉಂಡರೆ ಅದರ ಜೀವಿಗಳು ಹೋಗಿ ಅಲ್ಲಿ ನೆಲೆಸುವುದಿಲ್ಲ. ಮೊಸರನ್ನು ಅಲ್ಲಿಗೆ ಹಚ್ಚುವುದಂತೂ ಸರ್ವಥಾ ಕೂಡದು. ಬಸುರಿಗೆ ಹಾಲು, ಮೊಸರು, ಮಜ್ಜಿಗೆ ಬೇಕಾದದ್ದು ಸುಣ್ಣದ ಅಂಶಕ್ಕೆ, ಪ್ರೋಟೀನಿಗೆ. ಈ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಒಕ್ಕೂಟದವರು ಬೇಸರ ಮಾಡಿಕೊಳ್ಳಬಾರದು. ಹತ್ತು ಲೀಟರ್ ಹಾಲು ಡೈರಿಗೆ ಹಾಕಿ, ಬಸುರಿ ಸೊಸೆಗೆ ಕರಿ ಚಹಾ ಕೊಡುವ ಮನೆಗಳನ್ನು ನಾನು ನೋಡಿದ್ದೇನೆ. ಹಾಲಿನ ಬಿಲ್ಲು ದೊಡ್ಡದಾಗಲಿ, ಬೇಡವೆನ್ನುವುದಿಲ್ಲ. ಮೊದಲು ಒಂದು ತಂಬಿಗೆ ಮನೆಗೆ ತೆಗೆದಿಟ್ಟು ಉಳಿದದ್ದನ್ನು ಹಾಕಿರಿ.

ಕಾವಲಿನ ಈ ಹುಳಿಯನ್ನು ಕೆಡಿಸುವುದು ಸುಲಭ. ಸ್ವಚ್ಛತೆಯ ಹೆಸರಿನಲ್ಲಿ ಸಾಬೂನು, ಡೆಟಾಲ್, ಬೇವಿನ ನೀರು ಹಾಕಿ ಒಳಗೆಲ್ಲ ತೊಳೆಯುವ ರೂಢಿ ಕೆಲವೆಡೆ ಇದೆ. ಹೊರಗೆ ಬರಿ ನೀರಿನಿಂದ ತೊಳೆದರೆ ಸಾಕು, ಒಳಗೆ ಏನೂ ಹಾಕಬಾರದು. ಹಾಗೆಯೇ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ. ವೈರಿಯನ್ನು ಕೊಲ್ಲಲು ತಂದ ಔಷಧ ಕಾವಲುಗಾರನನ್ನೂ ಕೊಲ್ಲುತ್ತದೆ. ಉರಿಮೂತ್ರ, ವಾಸನೆಯ ಬಿಳಿಸೆರಗು, ಜ್ವರ ಇದ್ದರೆ ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಇಂಥ ಸೋಂಕುಗಳಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಇದೆ.

ಕರುಳಿನ ವಿಷಯ ಇಷ್ಟು ಸ್ಪಷ್ಟವಾಗಿಲ್ಲ. 2012ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರೂತ್ ಲೇ, ಓಮ್ರಿ ಕೊರೆನ್ ಮತ್ತು ಸಂಗಡಿಗರು ಫಿನ್ಲೆಂಡಿನ 91 ಬಸುರಿಯರ ಮಲದ ಮಾದರಿಗಳನ್ನು ಪರೀಕ್ಷಿಸಿದರು. ಮೊದಲ ಮೂರು ತಿಂಗಳಲ್ಲಿ ಕರುಳಿನ ಬಳಗ ಎಲ್ಲರಂತೆ ಇತ್ತು. ಕೊನೆಯ ಮೂರು ತಿಂಗಳಲ್ಲಿ ಬಹಳ ಬದಲಾಗಿತ್ತು. ಆ ಎರಡು ಕಾಲದ ಮಾದರಿಗಳನ್ನು, ಮೈಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೇರಿಸಿದಾಗ, ಕೊನೆಯ ಕಾಲದ ಮಾದರಿ ಪಡೆದ ಇಲಿಗಳು ಹೆಚ್ಚು ಕೊಬ್ಬಿದವು, ಅವುಗಳ ರಕ್ತದ ಸಕ್ಕರೆಯೂ ಏರಿತು. ಬೇರೆ ವೇಳೆಯಲ್ಲಿ ಇದನ್ನು ರೋಗ ಎನ್ನಬೇಕಿತ್ತು. ಆದರೆ ಹೊಟ್ಟೆಯ ಕೂಸಿಗೆ ಮತ್ತು ಮುಂದಿನ ಎದೆಹಾಲಿಗೆ ಶಕ್ತಿ ಕೂಡಿಡಲು ಇದು ನೆರವಾಗುತ್ತಿರಬಹುದು ಎಂದು ಅವರು ವಿವರಿಸಿದರು. ಸುಗ್ಗಿಯಲ್ಲಿ ಹಗೇವು ತುಂಬಿದ ಹಾಗೆ. ಆದರೆ 2015ರಲ್ಲಿ ಸ್ಟ್ಯಾನ್‌ಫರ್ಡ್‌ನವರು 49 ಬಸುರಿಯರಿಂದ ವಾರವಾರವೂ ಮಾದರಿ ಸಂಗ್ರಹಿಸಿ ನೋಡಿದಾಗ ಗರ್ಭದ ಅವಧಿಯುದ್ದಕ್ಕೂ ಕರುಳಿನ ಬಳಗ ಹೆಚ್ಚುಕಡಿಮೆ ಸ್ಥಿರವಾಗಿಯೇ ಇತ್ತು. ಎರಡು ತಂಡ, ಎರಡು ಉತ್ತರ. ಪತ್ರಿಕೆಗಳಲ್ಲಿ ಮೊದಲನೆಯದನ್ನು ಮಾತ್ರ ಓದಿ ಬಸುರಿಯರಿಗೆ ಕರುಳಿನ ಪುಡಿ, ಟಾನಿಕ್ಕು ಮಾರಲು ಬರುವವರಿದ್ದಾರೆ. ಅಂಥವರಿಗೆ ಹಣ ಕೊಡಬೇಡಿ.

ಸ್ಟ್ಯಾನ್‌ಫರ್ಡ್‌ನವರು ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹೆರಿಗೆಯಾದ ಕೂಡಲೇ ಜನನ ಮಾರ್ಗದ ಆ ಹುಳಿ ಬಳಗ ಒಮ್ಮೆಗೇ ಕುಸಿಯಿತು. ಕೆಲವರಲ್ಲಿ ಒಂದು ವರ್ಷದವರೆಗೂ ಮೊದಲಿನಂತೆ ಆಗಲಿಲ್ಲ. ಮೇವು ಕೊಡುತ್ತಿದ್ದ ಹಾರ್ಮೋನು ಹೆರಿಗೆಯೊಂದಿಗೆ ಇಳಿಯುತ್ತದೆ, ಕಾವಲು ಸಡಿಲಾಗುತ್ತದೆ. ಅಂದರೆ ಬಾಣಂತನದ ದಿನಗಳು ಬಸುರಿನ ದಿನಗಳಿಗಿಂತ ನಂಜಿಗೆ ಹೆಚ್ಚು ತೆರೆದವು. ಒಂದು ಮಗುವಿನ ಬೆನ್ನಿಗೇ ಇನ್ನೊಂದು ಬಸುರಾದರೆ ದಿನ ತುಂಬದ ಹೆರಿಗೆ ಹೆಚ್ಚು ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಬಳಗ ಮರಳಿ ಕಟ್ಟಿಕೊಳ್ಳಲು ಬೇಕಾಗುವ ಕಾಲವೂ ಅದಕ್ಕೆ ಒಂದು ಕಾರಣವಿರಬಹುದು ಎಂದು ಆ ವಿಜ್ಞಾನಿಗಳು ಸೂಚಿಸಿದ್ದಾರೆ.

ಬಾಣಂತಿ ನಂಜಿನ ವಿಷಯದಲ್ಲಿ ನಮ್ಮ ಬೆಳಗಾವಿಯ ಹೆಸರೂ ಬರುತ್ತದೆ. ಏಳು ದೇಶಗಳ 29,278 ಹೆಣ್ಣುಮಕ್ಕಳು ಪಾಲ್ಗೊಂಡ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಮತ್ತು ನಾಗಪುರಗಳಲ್ಲಿ. ಹೆರಿಗೆ ನೋವು ಬಂದಾಗ ಆಸ್ಪತ್ರೆಯಲ್ಲಿ ಅಜಿತ್ರೊಮೈಸಿನ್ ಔಷಧವನ್ನು ಒಂದೇ ಸಲ, 2 ಗ್ರಾಂ ಕೊಟ್ಟರು. ತಾಯಂದಿರಲ್ಲಿ ನಂಜು ಅಥವಾ ಸಾವು ನೂರಕ್ಕೆ 2.4 ಇದ್ದದ್ದು 1.6ಕ್ಕೆ ಇಳಿಯಿತು. ಕೂಸುಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇಳಿ ಯಾರೂ ಮಾತ್ರೆ ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅದು ಹೆರಿಗೆ ಮಾಡಿಸುವ ವೈದ್ಯರು ತೀರ್ಮಾನಿಸಬೇಕಾದ ಮಾತು.

ಇನ್ನು ಆಕಳಿಗೆ ಬರೋಣ. ಆಕಳಲ್ಲಿ ದೊಡ್ಡ ಬಳಗ ಇರುವುದು ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್ನಿನಲ್ಲಿ. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ನೀವು ಆಕಳಿಗೆ ಮೇವು ಹಾಕುತ್ತೇವೆ ಎನ್ನುತ್ತೀರಿ. ನಿಜವಾಗಿ ನೀವು ಹಾಕುವುದು ಅವುಗಳಿಗೆ, ಅವು ಆಕಳನ್ನು ಸಾಕುತ್ತವೆ. ಇಲ್ಲಿ ಬದಲಾವಣೆ ಗರ್ಭದಿಂದ ಬರುವುದಕ್ಕಿಂತ ನಿಮ್ಮ ಕೈಯಿಂದ ಬರುವುದೇ ಹೆಚ್ಚು. ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿದಾಗ ಬರಿ ಜೋಳದ ಕಣಕಿ ಹಾಕುತ್ತೀರಿ. ಆಗ ನಾರು ಅರಗಿಸುವ ಜೀವಿಗಳು ಹೊಟ್ಟೆ ತುಂಬ ಬೆಳೆಯುತ್ತವೆ. ಕರು ಹಾಕಿದ ದಿನವೇ ಹಾಲು ಬರಲಿ ಎಂದು ಗೋವಿನಜೋಳದ ನುಚ್ಚು, ಬೆಲ್ಲ, ಹಿಂಡಿ, ಗಂಜಿ ಬುಟ್ಟಿ ತುಂಬ ಇಡುತ್ತೀರಿ. ನಾರಿನ ಜೀವಿಗಳಿಗೆ ಇದು ಆಗದು. ಪಿಷ್ಟ ತಿನ್ನುವ ಜೀವಿಗಳು ಒಮ್ಮೆಲೇ ಹೆಚ್ಚಿ, ಹುಳಿ ಉಕ್ಕುತ್ತದೆ. ಜನನ ಮಾರ್ಗದಲ್ಲಿ ಕಾವಲಾಗಿದ್ದ ಆ ಲ್ಯಾಕ್ಟಿಕ್ ಆಮ್ಲವೇ ಇಲ್ಲಿ ಆಕಳಿಗೆ ವಿಷ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ತೆಳ್ಳಗಾಗುತ್ತದೆ. ನೀವು ದೃಷ್ಟಿಯಾಗಿದೆ ಎಂದು ನಿವಾಳಿಸುತ್ತೀರಿ.

ಮಾಡಬೇಕಾದುದು ಇಷ್ಟೆ. ಕರು ಹಾಕುವ ಮೂರು ವಾರ ಮೊದಲೇ ದಾಣಿಯನ್ನು ಅರ್ಧ ಕಿಲೋದಿಂದ ಶುರು ಮಾಡಿ, ಕರು ಹಾಕುವ ಹೊತ್ತಿಗೆ ಎರಡು ಕಿಲೋಗೆ ತಂದು ನಿಲ್ಲಿಸಿ. ಹೊಟ್ಟೆಯ ಜೀವಿಗಳು ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು. ಹೊಟ್ಟೆಯ ಒಳಗೋಡೆ ಒಗ್ಗಲು ಇನ್ನೂ ಹೆಚ್ಚು, ನಾಲ್ಕರಿಂದ ಆರು ವಾರ. ಕರು ಹಾಕಿದ ಮೇಲೂ ಎರಡು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಏರಿಸಿ. ಕಣಕಿಯನ್ನು ಮಾತ್ರ ಎಂದೂ ಪೂರ್ತಿ ನಿಲ್ಲಿಸಬೇಡಿ.

ಆಕಳ ಜನನ ಮಾರ್ಗದಲ್ಲಿ ಹೆಂಗಸರಲ್ಲಿ ಇರುವಂಥ ಹುಳಿಯ ಕಾವಲು ಇಲ್ಲ. ಆದ್ದರಿಂದಲೇ ಕರು ಹಾಕಿದ ಮೊದಲ ಎರಡು ವಾರ ಬಹುತೇಕ ಎಲ್ಲ ಆಕಳುಗಳ ಗರ್ಭಕೋಶಕ್ಕೂ ಸೂಕ್ಷ್ಮಜೀವಿಗಳು ನುಗ್ಗುತ್ತವೆ. ಆರೋಗ್ಯವಂತ ಆಕಳು ತಾನೇ ಅವನ್ನು ಹೊರಹಾಕುತ್ತದೆ. ಕಸ ಬೀಳಲಿಲ್ಲವೆಂದು ಅದಕ್ಕೆ ಕಲ್ಲು, ಹಳೆ ಚಪ್ಪಲಿ ಕಟ್ಟುವುದು, ಊರಿನ ಕೈಪಳಗಿದವರನ್ನು ಕರೆಸಿ ಒಳಗೆ ಕೈ ಹಾಕಿ ಎಳೆಸುವುದು, ಇದರಿಂದ ನಂಜು ನಾವೇ ಒಳಗೆ ಸೇರಿಸಿದಂತೆ. ಹನ್ನೆರಡು ತಾಸು ಕಳೆದರೂ ಬೀಳದಿದ್ದರೆ 1962ಕ್ಕೆ ಫೋನ್ ಮಾಡಿ ಅಥವಾ ಪಶು ಆಸ್ಪತ್ರೆಗೆ ತಿಳಿಸಿ.

ಈಗ ನನಗೆ ಹೇಳಲು ಕಷ್ಟವಾದ ಮಾತು. ಬಹಳ ವರ್ಷಗಳ ಹಿಂದೆ, ಈ ಊರಲ್ಲ, ಬೇರೆ ಊರು. ಏಳು ತಿಂಗಳ ಗಬ್ಬದ ಮಿಶ್ರತಳಿ ಆಕಳು ಕಂದು ಹಾಕಿತೆಂದು ಕರೆ ಬಂತು. ಹೋದೆ. ಕೊಟ್ಟಿಗೆ ಸ್ವಚ್ಛವಾಗಿತ್ತು, ಕಸ ಕರು ಎಲ್ಲ ತಿಪ್ಪೆಗೆ ಹೋಗಿತ್ತು. ಆಕಳಿಗೆ ಇಂಜೆಕ್ಷನ್ ಮಾಡಿದೆ, ಬೇರೆ ಕಟ್ಟಲು ಹೇಳಿದೆ, ಚಹಾ ಕುಡಿದು ಬಂದೆ. ಚಹಾ ತಂದುಕೊಟ್ಟ ಸೊಸೆ ಬಸುರಿ, ಐದು ತಿಂಗಳು ಇರಬಹುದು. ಕೊಟ್ಟಿಗೆ ಬಳಿದವರು ಯಾರು ಎಂದು ನಾನು ಕೇಳಲಿಲ್ಲ. ತಿಂಗಳೊಳಗೆ ಆ ಹುಡುಗಿಗೆ ಸಂಜೆ ಸಂಜೆ ಜ್ವರ, ಬೆವರು, ಕೀಲು ನೋವು. ಟೈಫಾಯಿಡ್ ಎಂದು ಔಷಧವಾಯಿತು. ಆರನೆಯ ತಿಂಗಳಲ್ಲಿ ಕೂಸು ಉಳಿಯಲಿಲ್ಲ. ಆಮೇಲೆ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್ ಎಂದು ತಿಳಿಯಿತು. "ಸಾಹೇಬ್ರ, ಅವತ್ತ ಬುಟ್ಟಿ ಹೊತ್ತಾಕಿ ನಾನ ರೀ" ಎಂದಳು, ನಾನು ಮತ್ತೆ ಹೋದಾಗ. ಕೂಸು ಹೋದದ್ದು ಆ ರೋಗದಿಂದಲೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅವತ್ತು ಆ ಒಂದು ಪ್ರಶ್ನೆ ಕೇಳಿದ್ದರೆ ಜ್ವರ ಬಂದ ಮೊದಲ ವಾರವೇ ಸರಿಯಾದ ಪರೀಕ್ಷೆ ಆಗುತ್ತಿತ್ತು. ಆಕೆ ಈಗ ಇಬ್ಬರು ಮಕ್ಕಳ ತಾಯಿ. ಅಂದಿನಿಂದ ಕಂದು ಹಾಕಿದ ಮನೆಗೆ ಹೋದರೆ ಆಕಳ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಬಸುರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ.

ಈ ರೋಗಾಣು ಗಬ್ಬದ ಕೊನೆಯ ತಿಂಗಳುಗಳಲ್ಲೇ ಏಕೆ ಹೊಡೆಯುತ್ತದೆ ಎಂಬುದಕ್ಕೆ ಒಂದು ಕಾರಣ ಗೊತ್ತಾಗಿದೆ. ಗಬ್ಬದ ಆಕಳ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಿಹಿ ವಸ್ತು ಇರುತ್ತದೆ. ಅದು ಈ ರೋಗಾಣುವಿಗೆ ಮೃಷ್ಟಾನ್ನ. ಗರ್ಭ ಬಂದಾಗ ದೇಹದಲ್ಲಿ ಹೊಸ ಮೇವು ಹುಟ್ಟುತ್ತದೆ ಎಂದೆನಲ್ಲ, ಅದನ್ನು ಉಣ್ಣಲು ಕಾವಲುಗಾರರಷ್ಟೇ ಅಲ್ಲ, ಕಳ್ಳರೂ ಬರುತ್ತಾರೆ. ಕಂದು ಹಾಕಿದಾಗ ಆ ಕಸ, ನೀರು, ಕರುವಿನಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಬರಿಗೈಯಿಂದ ಮುಟ್ಟಬಾರದು. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ತಿಪ್ಪೆಗೆ ಎಸೆದರೆ ನಾಯಿ ಎಳೆದಾಡುತ್ತವೆ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಬಸುರಿಯರು ಆ ಕೊಟ್ಟಿಗೆಗೆ ಹೋಗುವುದೇ ಬೇಡ. ಮತ್ತು ಬಸುರಿಗೆ ಶಕ್ತಿ ಬರಲೆಂದು ಕೆಚ್ಚಲಿನಿಂದ ಆಗಲೇ ಹಿಂಡಿದ ನೊರೆಹಾಲು ಕುಡಿಸುವ ಪದ್ಧತಿ ಇದೆ. ಹಾಲನ್ನು ಉಕ್ಕುವಂತೆ ಕಾಸಿಯೇ ಕೊಡಿ. ಕಾಸಿದರೆ ಈ ರೋಗಾಣು ಸಾಯುತ್ತದೆ.

ತಡೆಯಲು ಲಸಿಕೆ ಇದೆ. ಅದರ ಕಥೆಯೂ ಹಾಲಿನದೇ. 1923ರಲ್ಲಿ ಅಮೆರಿಕದ ಜಾನ್ ಬಕ್ ಎಂಬವರು ಒಂದು ಜೆರ್ಸಿ ಆಕಳ ಹಾಲಿನಿಂದ ಈ ರೋಗಾಣುವನ್ನು ಬೇರ್ಪಡಿಸಿದರು. ಅದು ಪ್ರಯೋಗಾಲಯದ ಮೇಜಿನ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿದು ತನ್ನ ಜೋರು ಕಳೆದುಕೊಂಡಿತು. ಅದರಿಂದಲೇ 19ನೆಯ ತಳಿಯ ಲಸಿಕೆ ಬಂತು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ, ಆಕಳಿರಲಿ ಎಮ್ಮೆಯಿರಲಿ, ಜೀವನದಲ್ಲಿ ಒಂದೇ ಬಾರಿ ಹಾಕುವ ಲಸಿಕೆ ಇದು. ಗಬ್ಬದ ರಾಸಿಗೆ ಹಾಕಬಾರದು, ಹೋರಿಗರುವಿಗೂ ಇಲ್ಲ. ಕರು ಎಂಟು ತಿಂಗಳು ದಾಟಿತೆಂದರೆ ಕೈ ತಪ್ಪಿತು. ಕರುವಿಗೆ ಎಷ್ಟು ತಿಂಗಳೆಂದು ಗೋಡೆಯ ಮೇಲೆ ಇದ್ದಿಲಿನಿಂದಾದರೂ ಬರೆದಿಡಿ.

ಕೊನೆಗೆ ಹುಟ್ಟಿದ ಜೀವದ ಮಾತು. 2014ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು 320 ಹೆಂಗಸರ ಮಾಸನ್ನು ಪರೀಕ್ಷಿಸಿ, ಮಾಸಿನಲ್ಲಿಯೇ ಸೂಕ್ಷ್ಮಜೀವಿಗಳ ಬಳಗ ಇರುತ್ತದೆ ಎಂದರು. 2019ರಲ್ಲಿ ಕೇಂಬ್ರಿಜ್‌ನವರು 537 ಮಾಸುಗಳನ್ನು ನೋಡಿ, ಹಾಗಲ್ಲ, ಕಂಡ ಜೀವಿಗಳಲ್ಲಿ ಹೆಚ್ಚಿನವು ಪರೀಕ್ಷೆಯ ರಾಸಾಯನಿಕಗಳಿಂದಲೂ ಹೆರಿಗೆಯ ವೇಳೆಯಲ್ಲೂ ಸೇರಿಕೊಂಡವು ಎಂದರು. ಸ್ಯಾಂಪಲ್ ಬಾಟಲಿ ತೊಳೆಯದೆ ಹಾಲು ಪರೀಕ್ಷಿಸಿದರೆ ಏನಾಗುತ್ತದೆಂದು ನಮ್ಮ ಸಂಘದ ಪರೀಕ್ಷಕರಿಗೆ ಗೊತ್ತಿದೆಯಲ್ಲ! ಹೀಗಾಗಿ ಕೂಸಿಗೂ ಕರುವಿಗೂ ಮೊದಲ ಹೆಪ್ಪು ಬೀಳುವುದು ಹುಟ್ಟುವಾಗ ಮತ್ತು ಹುಟ್ಟಿದ ಮೇಲೆ ಎಂದು ತಿಳಿಯುವುದೇ ಸರಿ. ಯಾರ ಕೈ, ಯಾವ ನೆಲ, ಯಾವ ಹಾಲು ಎಂಬುದು ಆಗ ಬಹಳ ಮುಖ್ಯ. ಕರುವಿಗೆ ಮೊದಲ ಒಂದೆರಡು ತಾಸಿನಲ್ಲೇ ಗಿಣ್ಣದ ಹಾಲು ಕುಡಿಸಿ. ಕಸ ಬೀಳಲಿ ಎಂದು ಕಾಯಬೇಡಿ. ಗಿಣ್ಣದ ಸವಿ ನೆರೆಹೊರೆಯವರಿಗೆ ಹಂಚುವ ಮೊದಲು ಕರುವಿನ ಹೊಟ್ಟೆ ನೋಡಿ.

ಕೂಸಿಗೆ ಅದೇ ಒಂದು ತಾಸಿನೊಳಗೆ ತಾಯಿಯ ಮೊದಲ ಹಾಲು. ಜೇನುತುಪ್ಪ, ಸಕ್ಕರೆ ನೀರು, ಕತ್ತೆಯ ಹಾಲು ಯಾವುದೂ ಬೇಡ. ಆಕಳ ಹಾಲೂ ಬೇಡ ಎಂದು ಹಾಲಿನ ಸಭೆಯಲ್ಲೇ ಹೇಳುತ್ತಿದ್ದೇನೆ. ಒಡಿಶಾದ ಹಳ್ಳಿಗಳಲ್ಲಿ 4,556 ಕೂಸುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಕುಲದ ಒಂದು ಜೀವಿಯನ್ನು ಏಳು ದಿನ ಕೊಟ್ಟಾಗ ನಂಜು ಮತ್ತು ಸಾವು ನೂರಕ್ಕೆ 9ರಿಂದ 5.4ಕ್ಕೆ ಇಳಿದಿತ್ತು. ಹಾಗೆಂದು ಎಳೆಗೂಸಿಗೆ ಮೊಸರು ನೆಕ್ಕಿಸಬಾರದು. ಅದು ಅಳತೆ ಮಾಡಿ ಶುದ್ಧವಾಗಿ ತಯಾರಿಸಿದ ಔಷಧ, ನಮ್ಮ ಗಡಿಗೆಯ ಮೊಸರಲ್ಲ. ಆ ಕೂಸುಗಳೂ ತಾಯಿಯ ಹಾಲು ಕುಡಿಯುತ್ತಿದ್ದ ಕೂಸುಗಳೇ.

ಸಂಜೆಯ ಹಾಲು ಹಾಕಲು ಇನ್ನೂ ಅರ್ಧ ತಾಸು ಇದೆ. ಯಾರದಾದರೂ ಆಕಳು ಈಚೆಗೆ ಕಂದು ಹಾಕಿದ್ದರೆ ಸಂಕೋಚ ಪಡದೆ ಈಗಲೇ ಹೇಳಿ. ಎಲ್ಲರ ಮುಂದೆ ಬೇಡವೆಂದರೆ ಆಮೇಲೆ ಬೇವಿನ ಮರದ ಕೆಳಗೆ ನಾನು ಕುಳಿತಿರುತ್ತೇನೆ, ಅಲ್ಲಿಗೆ ಬನ್ನಿ.